ಕ್ಯಾಚ್ ದ್ರಾವಿಡ್, ಬೌಲ್ಡ್ ಕುಂಬ್ಳೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕ್ರಿಕೆಟ್ ಅಂದ್ರೆ ಟೆನಿಸ್ ಬಾಲ್ ಕ್ರಿಕೆಟ್ಟು. ಆ ಆಟದಲ್ಲಿ ಸ್ಲಿಪ್ ಅನ್ನೋ ಜಾಗವೇ ಇಲ್ಲ. ಬಾಲು ಬ್ಯಾಟಿನ ಅಂಚಿಗೆ ತಾಗಿದರೂ ಅಷ್ಟು ದೂರ ಹೋಗೋದಿಲ್ಲ, ಅದಕ್ಕೊಬ್ಬನನ್ನು ದಂಡಕ್ಕೆ ನಿಲ್ಲಿಸೋದು ಯಾಕೆ? ಹಾಗಾಗಿ ನಾವು ನೆನಪಿಡೋದು ಸಿಕ್ಸರ್ ಹೊಡೆದವನನ್ನ, ವಿಕೆಟ್ ಕಿತ್ತವನನ್ನ. ಬೌಲರ್ ಜೊತೆ ನಿಂತು ಅರ್ಧ ಕೆಲಸ ಮಾಡಿದ ಇನ್ನೊಬ್ಬನನ್ನಲ್ಲ. ಈ ಲೇಖನ ಆ ಇನ್ನೊಬ್ಬನ ಬಗ್ಗೆ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇಂಥ ಜೋಡಿಗೆ ಭಾರೀ ಮರ್ಯಾದೆ. ಎರಡನೇ ಬೇಸಿನ ಒಂದು ಪಕ್ಕ ಶಾರ್ಟ್‌ಸ್ಟಾಪ್, ಇನ್ನೊಂದು ಪಕ್ಕ ಸೆಕೆಂಡ್ ಬೇಸ್‌ಮನ್. ಉರುಳಿ ಬಂದ ಬಾಲನ್ನು ಒಬ್ಬ ಹಿಡಿದು ಬೇಸಿನ ಮೇಲೆ ಬಂದ ಇನ್ನೊಬ್ಬನಿಗೆ ಎಸೆಯುತ್ತಾನೆ. ಆತ ಮೊದಲನೇ ಬೇಸಿಗೆ ಎಸೆದರೆ ಒಂದೇ ಏಟಿಗೆ ಇಬ್ಬರು ಔಟ್. ನೋಡಿ ಎಸೆಯೋಕೆ ಟೈಮ್ ಇರಲ್ಲ, ಜೊತೆಗಾರ ಅಲ್ಲಿರುತ್ತಾನೆ ಅಂತ ನಂಬಿ ಎಸೆಯಬೇಕು. ಡೆಟ್ರಾಯಿಟ್ ಟೈಗರ್ಸ್ ತಂಡದ ಅಲನ್ ಟ್ರಾಮೆಲ್ ಮತ್ತು ಲೂ ವಿಟೇಕರ್ 1977ರಲ್ಲಿ ಒಂದೇ ದಿನ ಆ ತಂಡಕ್ಕೆ ಮೊದಲ ಪಂದ್ಯ ಆಡಿ, 1995ರವರೆಗೆ ಅಕ್ಕಪಕ್ಕ ನಿಂತರು. 2018ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದ್ದು ಮಾತ್ರ ಟ್ರಾಮೆಲ್ ಒಬ್ಬರೇ. ಜೋಡಿಯಲ್ಲಿ ಒಬ್ಬರನ್ನು ಮರೆಯೋ ಚಾಳಿ ನಮಗೊಬ್ಬರಿಗೇ ಇಲ್ಲ ಬಿಡಿ.

ಕ್ರಿಕೆಟ್‌ನಲ್ಲಿ ಇದಕ್ಕೆ ಸಮನಾದ ಜೋಡಿ ಅಂದ್ರೆ ಬೌಲರ್ ಮತ್ತು ಕೀಪರ್, ಅಥವಾ ಬೌಲರ್ ಮತ್ತು ಸ್ಲಿಪ್ ಫೀಲ್ಡರ್. ಕರ್ನಾಟಕ ಈ ವಿಷಯದಲ್ಲಿ ನಿಜಕ್ಕೂ ಶ್ರೀಮಂತ.

ಮೊದಲು ಬಿ. ಎಸ್. ಚಂದ್ರಶೇಖರ್ ಮತ್ತು ಸೈಯದ್ ಕಿರ್ಮಾನಿ. ಚಂದ್ರ ಅವರ ಬಲಗೈ ಚಿಕ್ಕಂದಿನಲ್ಲೇ ಪೋಲಿಯೋಗೆ ಸಿಕ್ಕಿತ್ತು. ಅದೇ ಕೈಯಿಂದ ಮೀಡಿಯಂ ಪೇಸ್ ವೇಗದಲ್ಲಿ ಗೂಗ್ಲಿ, ಟಾಪ್ ಸ್ಪಿನ್ ಹಾಕಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದರು. ಎದುರಿಗಿದ್ದ ಬ್ಯಾಟ್ಸ್‌ಮನ್‌ಗೆ ಬಾಲು ಯಾವ ಕಡೆ ತಿರುಗುತ್ತೆ ಅಂತ ತಿಳಿಯದಿದ್ದರೆ ಪರವಾಗಿಲ್ಲ, ಔಟಾಗಿ ಹೋಗ್ತಾನೆ. ಕೀಪರ್‌ಗೆ ತಿಳಿಯದಿದ್ದರೆ? ಸ್ಟಂಪ್‌ಗೆ ಅಂಟಿಕೊಂಡು ನಿಂತವನಿಗೆ ಆ ಕೈಯನ್ನು ಓದೋಕೆ ಬರಲೇಬೇಕು. ಕಿರ್ಮಾನಿ ಅದನ್ನು ಕಲಿತದ್ದು ರಣಜಿ ತಂಡದಲ್ಲಿ, ಚಂದ್ರ ಮತ್ತು ಪ್ರಸನ್ನ ಇಬ್ಬರಿಗೂ ಕೀಪಿಂಗ್ ಮಾಡುತ್ತಾ. 15 ವರ್ಷ ಸತತವಾಗಿ ರಣಜಿ ಗೆದ್ದಿದ್ದ ಬಾಂಬೆಯನ್ನು 1974ರ ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿ, ಆಮೇಲೆ ಟ್ರೋಫಿ ತಂದ ತಂಡ ಅದು.

1976ರ ಜನವರಿಯ ಆಕ್ಲೆಂಡ್ ಟೆಸ್ಟ್ ಸ್ಕೋರ್‌ಕಾರ್ಡ್ ಒಮ್ಮೆ ನೋಡಿ. ನ್ಯೂಜಿಲೆಂಡ್‌ನ ಮೊದಲ ಇನ್ನಿಂಗ್ಸ್‌ನಲ್ಲಿ ಚಂದ್ರ 94ಕ್ಕೆ 6, ಎರಡನೇ ಇನ್ನಿಂಗ್ಸ್‌ನಲ್ಲಿ ಪ್ರಸನ್ನ 76ಕ್ಕೆ 8. ಸ್ಟಂಪ್ ಹಿಂದೆ ಅಂದೇ ಮೊದಲ ಟೆಸ್ಟ್ ಆಡುತ್ತಿದ್ದ ಕಿರ್ಮಾನಿ. ಟೆಸ್ಟ್ ಹೊಸದು, ಬೌಲರ್‌ಗಳು ಹಳಬರು! ಮುಂದೆ 88 ಟೆಸ್ಟ್‌ಗಳಲ್ಲಿ ಕಿರ್ಮಾನಿ 160 ಕ್ಯಾಚ್, 38 ಸ್ಟಂಪಿಂಗ್ ಮಾಡಿದರು.

ಆದರೂ ನನ್ನ ಲೆಕ್ಕದಲ್ಲಿ ನಂಬರ್ ಒನ್ ಜೋಡಿ ದ್ರಾವಿಡ್ ಮತ್ತು ಕುಂಬ್ಳೆ. ಟೆಸ್ಟ್‌ನಲ್ಲಿ ಕುಂಬ್ಳೆ ಬೌಲಿಂಗ್‌ಗೆ ದ್ರಾವಿಡ್ ಹಿಡಿದ ಕ್ಯಾಚ್‌ಗಳು 55. ಕೀಪರ್‌ಗಳನ್ನು ಬಿಟ್ಟರೆ ಭಾರತದ ಬೇರೆ ಯಾವ ಫೀಲ್ಡರ್-ಬೌಲರ್ ಜೋಡಿಯೂ ಇಷ್ಟು ಮಾಡಿಲ್ಲ. ಶ್ರೀಲಂಕಾದ ಜಯವರ್ಧನೆ-ಮುರಳೀಧರನ್ ಜೋಡಿ ಇವರನ್ನೂ ಮೀರಿಸಿದೆ, 77. ಕುಂಬ್ಳೆ ಅವರ 619 ವಿಕೆಟ್‌ಗಳಲ್ಲಿ ನೂರಕ್ಕೆ ಸುಮಾರು ಒಂಬತ್ತು ಹೋಗಿದ್ದು ದ್ರಾವಿಡ್ ಕೈಗೆ. ದ್ರಾವಿಡ್ ಅವರ 210 ಕ್ಯಾಚ್‌ಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಂದಿದ್ದು ಕುಂಬ್ಳೆ ಬೌಲಿಂಗ್‌ನಲ್ಲಿ.

ಇದು ಸುಲಭದ ಕೆಲಸ ಅಲ್ಲ. ಕುಂಬ್ಳೆ ಬಾಲು ದೊಡ್ಡದಾಗಿ ತಿರುಗುತ್ತಿರಲಿಲ್ಲ, ಬೇಗ ಬಂದು ಪುಟಿದೇಳುತ್ತಿತ್ತು. ಸ್ಪಿನ್ನರ್ ಅಂತ ಸ್ಲಿಪ್ ಹತ್ತಿರ ನಿಲ್ಲಬೇಕು, ಆದರೆ ಎಡ್ಜ್ ಬರೋದು ಹೆಚ್ಚುಕಮ್ಮಿ ಮೀಡಿಯಂ ಪೇಸ್ ಥರ. ಕೆಲವೊಮ್ಮೆ ಕೀಪರ್ ಗ್ಲೌಸಿಗೆ ಸವರಿ ದಿಕ್ಕು ಬದಲಿಸಿ ಬರುತ್ತೆ. ದಿನಕ್ಕೆ 90 ಓವರ್, ಬಾಲು ಬರೋದು ಒಂದೋ ಎರಡೋ ಸಲ. ಉಳಿದ 500 ಚಿಲ್ಲರೆ ಬಾಲಿಗೂ ಸುಮ್ಮನೆ ಬಗ್ಗಿ ನಿಲ್ಲಬೇಕು. ನಾವು ಆಫೀಸಲ್ಲಿ ಅರ್ಧ ಗಂಟೆ ಮೀಟಿಂಗ್‌ನಲ್ಲೇ ಆಕಳಿಸ್ತೀವಿ!

1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕುಂಬ್ಳೆಗೆ ಸಿಕ್ಕಿದವು, 74 ರನ್‌ಗೆ 10. ಅದರಲ್ಲೂ ಮುಷ್ತಾಕ್ ಅಹಮದ್ ಕ್ಯಾಚ್ ದ್ರಾವಿಡ್‌ದೇ. ಅವತ್ತು ಇನ್ನೊಬ್ಬ ಕನ್ನಡಿಗನ ಪಾಲೂ ಇತ್ತು. ಹತ್ತನೇ ವಿಕೆಟ್ ಬಾಕಿ ಇದ್ದಾಗ ಇನ್ನೊಂದು ತುದಿಯಿಂದ ಶ್ರೀನಾಥ್ ತನಗೆ ವಿಕೆಟ್ ಬೀಳಬಾರದು ಅಂತ ಬೇಕೆಂದೇ ಸ್ಟಂಪಿನಿಂದ ದೂರ ದೂರ ಬೌಲ್ ಮಾಡಿದರು. ಸ್ಕೋರ್‌ಕಾರ್ಡ್‌ನಲ್ಲಿ ಅದಕ್ಕೊಂದು ಕಾಲಂ ಇಲ್ಲ.

ದ್ರಾವಿಡ್ ಅವರ 210 ಕ್ಯಾಚ್‌ಗಳ ವಿಶ್ವದಾಖಲೆಯನ್ನು ಜೋ ರೂಟ್ ಮುರಿದದ್ದು 2025ರ ಜುಲೈನಲ್ಲಿ, ಲಾರ್ಡ್ಸ್‌ನಲ್ಲಿ. ಆ ಕ್ಯಾಚ್‌ಗೆ ಔಟಾದವರು ಯಾರು ಗೊತ್ತಾ? ಕರ್ನಾಟಕದಲ್ಲೇ ಆಡಿ ಬೆಳೆದ ಕರುಣ್ ನಾಯರ್.

ನಮ್ಮೂರ ಕಡೆಗೆ ಬರೋಣ. 2017ರ ಜುಲೈ 15, ಡರ್ಬಿ, ಮಹಿಳಾ ವಿಶ್ವಕಪ್. ಸೆಮಿಫೈನಲ್‌ಗೆ ಹೋಗಬೇಕಾದರೆ ನ್ಯೂಜಿಲೆಂಡನ್ನು ಸೋಲಿಸಲೇಬೇಕು. ಕಡೂರಿನ ವೇದಾ ಕೃಷ್ಣಮೂರ್ತಿ 45 ಬಾಲಿಗೆ 70 ಹೊಡೆದರು. ಮಿಥಾಲಿ ರಾಜ್ 109, ತಂಡ 265. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್‌ಗೆ 5 ವಿಕೆಟ್ ಕಿತ್ತರು, ನ್ಯೂಜಿಲೆಂಡ್ 79ಕ್ಕೆ ಗಂಟುಮೂಟೆ. ಒಬ್ಬಳದು ಬ್ಯಾಟು, ಇನ್ನೊಬ್ಬಳದು ಬಾಲು, ಇಬ್ಬರೂ ಕರ್ನಾಟಕಕ್ಕೆ ಆಡಿ ಬೆಳೆದವರು. ಇದು ಸ್ಲಿಪ್ ಜೋಡಿ ಅಲ್ಲ, ಒಪ್ಪಿದೆ. ಆದರೆ ಒಬ್ಬಳ ಕೆಲಸವನ್ನು ಇನ್ನೊಬ್ಬಳು ಪೂರ್ತಿ ಮಾಡಿದ್ದು ಹಾಗೇ ಅಲ್ವಾ? ವೇದಾ 2025ರಲ್ಲಿ ನಿವೃತ್ತಿ ಹೇಳಿದರು.

ಇಷ್ಟೆಲ್ಲಾ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಜೋಡಿಗಳನ್ನು ಹರಾಜಿನಲ್ಲಿ ಕೊಳ್ಳೋಕಾಗಲ್ಲ. ಚಂದ್ರನ ಕೈಯನ್ನು ಕಿರ್ಮಾನಿ ಓದಿದ್ದು, ಕುಂಬ್ಳೆ ಎಡ್ಜ್‌ಗೆ ದ್ರಾವಿಡ್ ಕಾದಿದ್ದು ಒಂದು ಸೀಸನ್ನಿನಲ್ಲಿ ಬಂದ ವಿದ್ಯೆ ಅಲ್ಲ, ವರ್ಷಗಟ್ಟಲೆ ಜೊತೆಗೆ ಆಡಿದ್ದರ ಫಲ. ಈಗ ಎರಡು ತಿಂಗಳಿಗೊಂದು ತಂಡ, ಎರಡು ತಿಂಗಳಿಗೊಂದು ಜರ್ಸಿ. ಒಳ್ಳೆ ಬೌಲರ್ ಬರ್ತಾರೆ, ಒಳ್ಳೆ ಫೀಲ್ಡರ್ ಕೂಡ ಬರ್ತಾರೆ. ಆದರೆ ಒಬ್ಬರ ಬೌಲಿಂಗ್‌ಗೆ ಇನ್ನೊಬ್ಬರು 55 ಕ್ಯಾಚ್ ಹಿಡಿಯುವಷ್ಟು ಕಾಲ ಜೊತೆಗೆ ನಿಲ್ತಾರಾ?

ನಿಮ್ಮ ಪ್ರಕಾರ ಕರ್ನಾಟಕದ ಅತ್ಯುತ್ತಮ ಜೋಡಿ ಯಾವುದು? ಕಿರ್ಮಾನಿ ಅಭಿಮಾನಿಗಳು ಜಗಳಕ್ಕೆ ಬರಬಹುದು, ನಾನು ರೆಡಿ :-)