ಗ್ಲೂಕೋಸಮೈನ್ ಮತ್ತು ರಕ್ತದ ಕಿರುಬಿಲ್ಲೆಗಳು: ಕೈಬಿಟ್ಟ ಒಂದು ಸಿದ್ಧಾಂತದ ಚರಿತ್ರೆ

ವಿಜ್ಞಾನದ ಇತಿಹಾಸವನ್ನು ಬರೆಯುವವರು ಗೆದ್ದ ಸಿದ್ಧಾಂತಗಳನ್ನು ಮಾತ್ರ ಸಾಲಾಗಿ ಜೋಡಿಸುವುದು ರೂಢಿ. ನಾವು ಇಲ್ಲಿ ಪರಿಶೀಲಿಸಹೊರಟಿರುವುದು ಬಿದ್ದುಹೋದ ಒಂದು ಸಿದ್ಧಾಂತವನ್ನು. ಅದರ ಆಯುಸ್ಸು ಐದಾರು ವರ್ಷ ಮಾತ್ರ.

1876ರಲ್ಲಿ ಜರ್ಮನಿಯ ಲೆಡರ್‌ಹೋಸನು ಕೈಟಿನ್ ಎಂಬ ಚಿಪ್ಪಿನ ವಸ್ತುವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಒಡೆದು ಗ್ಲೂಕೋಸಮೈನನ್ನು ಪಡೆದನು. ಗ್ಲೂಕೋಸಿನ ಒಂದು ಹೈಡ್ರಾಕ್ಸಿಲ್ ಗುಂಪಿನ ಎಡೆಯಲ್ಲಿ ಅಮೈನೋ ಗುಂಪು ಕುಳಿತಿರುವ ಸಕ್ಕರೆಯಿದು. 1938ರಲ್ಲಿ ಆಲ್ಬರ್ಟ್ ನ್ಯೂಬರ್ಗರರು ಮೊಟ್ಟೆಯ ಬಿಳಿಯ ಪ್ರೋಟೀನಿನಲ್ಲಿ ಸಕ್ಕರೆಯು ಕಲಬೆರಕೆಯಲ್ಲ, ಅಣುವಿನ ಅಂಗವೇ ಎಂದು ತೋರಿಸಿದರು. ಪ್ರೋಟೀನಿಗೆ ಸಕ್ಕರೆ ಜೋಡಣೆಯಾಗುವ ಈ ಕ್ರಿಯೆಗೆ ಗ್ಲೈಕೋಸಿಲೇಷನ್ ಎಂದು ಹೆಸರು.

ಪ್ಲೇಟ್‌ಲೆಟ್‌ಗಳೆಂದು ಪ್ರಸಿದ್ಧವಾದ ಕಿರುಬಿಲ್ಲೆಗಳ ಅಧ್ಯಯನವಾದರೋ ಬೇರೊಂದು ದಾರಿಯಲ್ಲಿ ಸಾಗಿತ್ತು. ರಕ್ತಸ್ರಾವವನ್ನು ತಡೆಯುವಲ್ಲಿ ಅವುಗಳ ಪಾತ್ರವನ್ನು 1882ರಲ್ಲಿ ಟ್ಯೂರಿನ್ನಿನ ಬಿಟ್ಸೊಟ್ಸೆರೊ ನಿರೂಪಿಸಿದ್ದನು. ಅವು ಒಂದಕ್ಕೊಂದು ಅಂಟಿ ಗುಂಪುಗೂಡುವುದನ್ನು ಅಳೆಯುವ ಸುಲಭೋಪಾಯವನ್ನು 1962ರಲ್ಲಿ ಗುಸ್ತಾವ್ ಬಾರ್ನರು ಒದಗಿಸಿದರು. ಕಲಕಿದ ದ್ರವಕ್ಕೆ ಎ.ಡಿ.ಪಿ. ಎಂಬ ವಸ್ತುವನ್ನು ಬೆರೆಸಿದೊಡನೆ ಬಿಲ್ಲೆಗಳು ಗುಂಪಾಗುತ್ತವೆ, ದ್ರವವು ತಿಳಿಯಾಗುತ್ತದೆ, ಹಾಯುವ ಬೆಳಕು ಹೆಚ್ಚುತ್ತದೆ. (ಇವರ ತಂದೆ ಮ್ಯಾಕ್ಸ್ ಬಾರ್ನರು 1935-36ರಲ್ಲಿ ರಾಮನ್ನರ ಆಹ್ವಾನದ ಮೇರೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳಿದ್ದರೆಂಬುದನ್ನು ನಮ್ಮ ಓದುಗರು ಬಲ್ಲರು.)

ಈ ಎರಡು ದಾರಿಗಳು ಕೂಡಿದ್ದು 1971ರಲ್ಲಿ. ಅದರ ಹಿಂದಿನ ವರ್ಷ ಸಾಲ್ ರೋಸ್‌ಮನ್ನರು ಒಂದು ಊಹೆಯನ್ನು ಮಂಡಿಸಿದ್ದರು: ಸಕ್ಕರೆಯನ್ನು ಜೋಡಿಸುವ ಕಿಣ್ವವು ಒಂದು ಕೋಶದ ಮೇಲ್ಮೈಯಲ್ಲಿದ್ದು, ಪಕ್ಕದ ಕೋಶದ ಸಕ್ಕರೆಯ ಸರಪಣಿಯನ್ನು ಹಿಡಿದುಕೊಳ್ಳುವುದರಿಂದಲೇ ಕೋಶಗಳು ಅಂಟಿಕೊಳ್ಳಬಹುದು. ಅಮೆರಿಕದ ರೆಡ್ ಕ್ರಾಸ್ ಪ್ರಯೋಗಾಲಯದ ಜೇಮಿಸನ್ನರೂ ಸಂಗಡಿಗರೂ ಇದನ್ನು ಕಿರುಬಿಲ್ಲೆಗೆ ಅನ್ವಯಿಸಿದರು. ಗಾಯವಾದಾಗ ರಕ್ತನಾಳದ ಗೋಡೆಯ ಕೊಲ್ಯಾಜೆನ್ ಹೊರಬೀಳುತ್ತದೆ. ಬಿಲ್ಲೆಯ ಹೊರಪೊರೆಯಲ್ಲಿರುವ ಕಿಣ್ವವು ಅದರಲ್ಲಿನ ಗ್ಯಾಲಕ್ಟೋಸಿಗೆ ಗ್ಲೂಕೋಸನ್ನು ಜೋಡಿಸಲೆಂದು ಅದನ್ನು ಹಿಡಿಯುತ್ತದೆ. ಆ ಹಿಡಿತವೇ ರಕ್ತಸ್ತಂಭನದ ಮೊದಲ ಹೆಜ್ಜೆ ಎಂಬುದು ಅವರ ವಾದ. ಗ್ಲೂಕೋಸಮೈನು ಕಿಣ್ವವನ್ನೂ ಅಂಟುವಿಕೆಯನ್ನೂ ಒಟ್ಟಿಗೇ ತಡೆಯಿತೆಂಬುದು ಅವರ ಬಲವಾದ ಸಾಕ್ಷ್ಯಗಳಲ್ಲೊಂದು. ವಾದವು ಸೊಗಸಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

1976ರಲ್ಲಿ ಮೆನಾಷಿ, ಹಾರ್‌ವುಡ್ ಮತ್ತು ಗ್ರಾಂಟರು ಆ ಕಿಣ್ವವು ಸಹಜಸ್ಥಿತಿಯ ಕೊಲ್ಯಾಜೆನ್ನಿನ ಮೇಲೆ ಕೆಲಸ ಮಾಡುವುದೇ ಇಲ್ಲವೆಂದು ಪ್ರಕಟಿಸಿದರು. ಗಾಯದಲ್ಲಿ ಬಿಲ್ಲೆಗೆ ಎದುರಾಗುವುದು ಮುಮ್ಮಡಿ ಹೆಣೆದ ಸಹಜಸ್ಥಿತಿಯ ಎಳೆಯೇ ಹೊರತು ಬಿಚ್ಚಿಹೋದದ್ದಲ್ಲ. ಬುಡವೇ ಕಳಚಿತು. ಮುಂದೆ 1980ರ ದಶಕದಲ್ಲಿ ಜಪಾನಿನ ಕೆಲವು ರೋಗಿಗಳ ಬಿಲ್ಲೆಗಳು ಕೊಲ್ಯಾಜೆನ್ನಿಗೆ ಓಗೊಡದಿರುವುದು ಕಂಡುಬಂದಿತು. ಅವುಗಳಲ್ಲಿ ಇಲ್ಲದಿದ್ದುದು ಗ್ಲೈಕೋಪ್ರೋಟೀನ್ ಆರು ಎಂಬ ಗ್ರಾಹಕ.

ಇನ್ನು 2004ರ ವಿಷಯ. ಗ್ಲೂಕೋಸಮೈನು ಮಾನವರಕ್ತದ ಬಿಲ್ಲೆಗಳು ಎ.ಡಿ.ಪಿ.ಯಿಂದ ಗುಂಪುಗೂಡುವುದನ್ನು ಕುಗ್ಗಿಸುತ್ತದೆಂದು ಜಪಾನಿನ ಸಂಶೋಧಕರು ವರದಿಮಾಡಿದರು. ಇದನ್ನು 1971ರ ವಾದದ ಪುನರುತ್ಥಾನವೆಂದು ಎಣಿಸುವುದು ತಪ್ಪೆಂದು ನಮ್ಮ ಅಭಿಪ್ರಾಯ. ಅವರು ಹೇಳಿದ ಕಾರಣ ಬೇರೆ: ಈ ಸಕ್ಕರೆಯು ಎ.ಡಿ.ಪಿ. ತನ್ನ ಗ್ರಾಹಕಕ್ಕೆ ಅಂಟುವುದನ್ನೇ ತಡೆಯುತ್ತದೆ. ಕೊಲ್ಯಾಜೆನ್ನಿನ ಮಾತು ಅಲ್ಲಿಲ್ಲ, ಸಕ್ಕರೆ ಜೋಡಿಸುವ ಕಿಣ್ವದ ಮಾತೂ ಇಲ್ಲ. ಕೋಶದೊಳಗಿನ ಪ್ರೋಟೀನುಗಳಿಗೂ ಇದೇ ಕುಲದ ಅಸಿಟೈಲ್ ಗ್ಲೂಕೋಸಮೈನ್ ಅಂಟಿರುತ್ತದೆಂದು 1984ರಲ್ಲಿ ಟಾರೆಸ್ ಮತ್ತು ಹಾರ್ಟರು ತೋರಿಸಿದ್ದುದು ಮೂರನೆಯ ಸಂಗತಿ. ಅದನ್ನೂ ಈ ಎರಡರೊಡನೆ ಒಂದೇ ವಂಶಾವಳಿಗೆ ಸೇರಿಸಲಾಗದು. 1971ರಲ್ಲಿ ತಡೆಯಲ್ಪಟ್ಟದ್ದು ಕೊಲ್ಯಾಜೆನ್ನಿಗೆ ಅಂಟುವುದು. 2004ರಲ್ಲಿ ತಡೆಯಲ್ಪಟ್ಟದ್ದು ಬಿಲ್ಲೆಗೆ ಬಿಲ್ಲೆ ಅಂಟುವುದು.