ನಾಲ್ಕು ತಂತಿಯ ಕೆಳದನಿ

ಗಣೇಶನ ಹಬ್ಬಕ್ಕೋ ಊರಜಾತ್ರೆಗೋ ಆರ್ಕೆಸ್ಟ್ರಾ ಬಂದಾಗ ಜನರ ಕಣ್ಣೆಲ್ಲ ಹಾಡುಗಾರರ ಮೇಲೆ. ಹಿಂದೆ, ಡ್ರಮ್ಸ್ ಪಕ್ಕದಲ್ಲಿ, ಉದ್ದ ಕತ್ತಿನ ನಾಲ್ಕು ತಂತಿಯ ಗಿಟಾರ್ ಹಿಡಿದು ನಿಂತಾತನನ್ನು ಗಮನಿಸುವವರು ಕಡಿಮೆ. ಆದರೆ ಕೇಳುಗರ ಕಾಲು ತಾನಾಗಿ ತಾಳ ಹಾಕುವಂತೆ ಮಾಡುವ, ಎದೆಗೆ ಬಂದು ತಟ್ಟುವ ದನಿ ಆತನದು. ಅದು ನಿಂತಾಗಲೇ ಹಾಡಿನಲ್ಲಿ ಏನೋ ಕಡಿಮೆಯಾಯಿತೆಂದು ಅರಿವಾಗುವುದು. ಆ ವಾದ್ಯವೇ ಬೇಸ್ ಗಿಟಾರ್.

ಇದರ ವಯಸ್ಸು ಹೆಚ್ಚಲ್ಲ. ಅದಕ್ಕೆ ಮೊದಲು ಪಾಶ್ಚಾತ್ಯ ವಾದ್ಯಗೋಷ್ಠಿಗಳಲ್ಲಿ ಕೆಳದನಿಯ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದನ್ನು ಊರಿಂದೂರಿಗೆ ಹೊತ್ತೊಯ್ಯುವುದು ಕಷ್ಟ; ಡ್ರಮ್ಸ್ ಮತ್ತು ವಿದ್ಯುತ್ ಗಿಟಾರುಗಳ ಅಬ್ಬರದಲ್ಲಿ ಅದರ ದನಿ ಕೇಳುವುದೂ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಲಿಯೋ ಫೆಂಡರ್ 1951ರಲ್ಲಿ ಇದಕ್ಕೊಂದು ಪರಿಹಾರವನ್ನು ಮಾರುಕಟ್ಟೆಗೆ ತಂದರು. ಗಿಟಾರಿನಂತೆ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ, ವೀಣೆಯಂತೆ ಮೆಟ್ಟಿಲುಗಳಿದ್ದ ವಾದ್ಯ ಅದು. ಮೆಟ್ಟಿಲಿದ್ದುದರಿಂದ ಸ್ವರ ತಪ್ಪುವ ಭಯ ಕಡಿಮೆ. ಆದ್ದರಿಂದಲೇ 'ಪ್ರಿಸಿಷನ್ ಬೇಸ್' ಎಂಬ ಹೆಸರು. ಗಿಟಾರಿನ ದಪ್ಪ ತಂತಿಗಳು ನಾಲ್ಕರ ಸ್ವರಗಳೇ ಇದರಲ್ಲೂ ಇವೆ, ಆದರೆ ಒಂದು ಸ್ಥಾಯಿ ಕೆಳಗೆ.

ವಾದ್ಯವೇನೋ ಬಂತು, ಕಲಿಸುವವರು ಯಾರು? ಹೊಸ ವಾದ್ಯಕ್ಕೆ ಗುರುವೂ ಇರಲಿಲ್ಲ, ಪಠ್ಯವೂ ಇರಲಿಲ್ಲ. ಕಲಿಯುವವರಿಗೆ ಗ್ರಾಮಾಫೋನ್ ತಟ್ಟೆಗಳೇ ಗುರುವಾದವು. ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ, ಕೆಳದನಿಯನ್ನಷ್ಟೇ ಕಿವಿಯಲ್ಲಿ ಸೋಸಿಕೊಂಡು, ತಂತಿಯ ಮೇಲೆ ಹುಡುಕುತ್ತಿದ್ದರು. ಬೆನ್ ಇ. ಕಿಂಗ್ ಹಾಡಿ 1961ರಲ್ಲಿ ಬಿಡುಗಡೆಯಾದ 'ಸ್ಟ್ಯಾಂಡ್ ಬೈ ಮಿ' ಇಂದಿಗೂ ಹೊಸಬರಿಗೆ ಮೊದಲ ಪಾಠಗಳಲ್ಲೊಂದು. ಅದರಲ್ಲಿ ಒಂದೇ ಬೇಸ್ ಸಾಲು ಹಾಡಿನ ಉದ್ದಕ್ಕೂ ಮರುಕಳಿಸುತ್ತದೆ. ಬೆರಳಿಗೆ ಅದು ಸುಲಭ. ಆದರೆ ಕೊನೆಯವರೆಗೂ ಕಾಲ ತಪ್ಪದಂತೆ ನಡೆಸುವುದು, ಒಂದು ಸ್ವರ ಮುಗಿದು ಇನ್ನೊಂದು ಬರುವ ನಡುವಿನ ಮೌನವನ್ನು ಕಾಯುವುದು ಸುಲಭವಲ್ಲ. ಬೇಸ್ ವಾದಕನ ಮೊದಲ ವಿದ್ಯೆಯೇ ಇದು.

ನುಡಿಸುವ ತಂತ್ರಗಳೂ ಹೀಗೆ ಹಾಡಿನ ಅಗತ್ಯದಿಂದಲೇ ಹುಟ್ಟಿದವು. ಲ್ಯಾರಿ ಗ್ರಹಾಂ ಎಂಬಾತ ತಾಯಿಯೊಂದಿಗೆ ಕಛೇರಿ ನಡೆಸುತ್ತಿದ್ದಾಗ ಜೊತೆಗೆ ಡ್ರಮ್ಸ್ ಇರಲಿಲ್ಲ. ಆ ಕೊರತೆ ತುಂಬಲು ಆತ ಹೆಬ್ಬೆರಳಿನಿಂದ ತಂತಿಯನ್ನು ಬಡಿದು, ಇನ್ನೊಂದು ಬೆರಳಿನಿಂದ ಎಳೆದು ಬಿಡತೊಡಗಿದರು. 'ಸ್ಲ್ಯಾಪ್' ಎಂದು ಜಗತ್ತಿನೆಲ್ಲೆಡೆ ಕಲಿಯುವ ತಂತ್ರ ಇದೇ. ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ಮೀಟಿ ಮೋಟೌನ್ ಕಂಪೆನಿಯ ಅನೇಕ ಜನಪ್ರಿಯ ಗೀತೆಗಳಿಗೆ ಜೀವ ತುಂಬಿದರು. ಆದರೆ ಆ ತಟ್ಟೆಗಳ ಮೇಲೆ ಬಹುಕಾಲ ಅವರ ಹೆಸರೇ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಹೆಸರು ಅಚ್ಚಾಯಿತು. ಅವರು ತೀರಿಕೊಂಡದ್ದು 1983ರಲ್ಲಿ. ಅವರು ನುಡಿಸಿದ ಸಾಲುಗಳನ್ನು ಸ್ವರಲಿಪಿಯಲ್ಲಿ ಕೊಡುವ ಪುಸ್ತಕ ಬಂದದ್ದು 1989ರಲ್ಲಿ. ಅದುವರೆಗೆ ಹೆಸರು ತಿಳಿಯದೆಯೇ ಎಷ್ಟೋ ಮಂದಿ ಅವರ ಶಿಷ್ಯರಾಗಿದ್ದರು.

ಹಳೆಯ ಹಾಡಿನ ಮೂಲಕ ವಾದ್ಯ ಕಲಿಯುವ ಈ ಕ್ರಮ ಹಾಸನ ಸೀಮೆಗೆ ಹೊಸದೇನಲ್ಲ. ಹಳ್ಳಿಮೈಸೂರಿನಿಂದ ಅರಕಲಗೂಡು ದಾಟಿ ಕಾವೇರಿಯ ದಂಡೆಗೆ ಹೋದರೆ ಸಂಗೀತಗಾರರ ಊರೆಂದೇ ಹೆಸರಾದ ರುದ್ರಪಟ್ಟಣ ಸಿಗುತ್ತದೆ. ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, 1920ರಲ್ಲಿ. ಅದೇ ವರ್ಷ ಇದೇ ಜಿಲ್ಲೆಯಲ್ಲಿ ಹುಟ್ಟಿದ ಇನ್ನೊಬ್ಬರು ವೈಣಿಕ ವಿ. ದೊರೆಸ್ವಾಮಿ ಅಯ್ಯಂಗಾರ್. ವೀಣೆ ಶೇಷಣ್ಣನವರ ಶಿಷ್ಯರಾದ ವೆಂಕಟಗಿರಿಯಪ್ಪನವರಲ್ಲಿ ಕಲಿತು ಮೈಸೂರು ಬಾನಿಯನ್ನು ಮೆರೆಸಿದವರು ಅವರು.

ವೀಣೆಗೂ ನುಡಿಸುವ ತಂತಿಗಳು ನಾಲ್ಕೇ. ಉಳಿದ ಮೂರು ತಾಳಕ್ಕೆ. ಮೆಟ್ಟಿಲುಗಳು 24. ಎಡಗೈಯ ತೋರುಬೆರಳು, ನಡುಬೆರಳುಗಳನ್ನು ಜೋಡಿಸದೆ ಬಿಡಿಬಿಡಿಯಾಗಿ ನಡೆಸುವುದು ಮೈಸೂರು ಬಾನಿಯ ಗುರುತು. ಈ ಬೆರಳುಗಾರಿಕೆ ಸರಳೆ, ಜಂಟಿ, ಅಲಂಕಾರಗಳಿಂದ ಮೊದಲಾಗಿ ಗೀತೆ, ವರ್ಣ, ಕೃತಿಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕೈಗೆ ಬರುತ್ತದೆ. ವರ್ಣವೊಂದನ್ನು ಎರಡು ಕಾಲಗಳಲ್ಲಿ ಸಾಧಿಸಿದ ವಿದ್ಯಾರ್ಥಿಗೆ ಆ ರಾಗದ ನಡೆಯೂ ಬೆರಳಿನ ವೇಗವೂ ಒಟ್ಟಿಗೇ ದಕ್ಕುತ್ತವೆ. ಸ್ವರಲಿಪಿಯಲ್ಲಿ 'ಗ' ಎಂದು ಬರೆದಿರುತ್ತದೆ. ಅದನ್ನು ಎಷ್ಟು ತೂಗಬೇಕು, ಎಲ್ಲಿಂದ ಜಾರಬೇಕು ಎಂಬುದು ಅಲ್ಲಿರುವುದಿಲ್ಲ. ಅದನ್ನು ಗುರುವಿನ ಎದುರು ಕೂತು ಕೇಳಿಯೇ ತಿಳಿಯಬೇಕು.

ಇಂದಿನ ಬೇಸ್ ವಿದ್ಯಾರ್ಥಿಯ ಕಷ್ಟ ಇರುವುದೂ ಇಲ್ಲಿಯೇ. ನಾಲ್ಕು ಗೆರೆಗಳ ಮೇಲೆ ಮೆಟ್ಟಿಲಿನ ಅಂಕಿ ಬರೆದ 'ಟ್ಯಾಬ್' ಈಗ ಯಾವ ಹಾಡಿಗಾದರೂ ಸಿಗುತ್ತದೆ. ಯಾವ ತಂತಿ, ಎಷ್ಟನೆಯ ಮೆಟ್ಟಿಲು ಎಂದು ವಿಡಿಯೋ ಬೆರಳಿಟ್ಟು ತೋರಿಸುತ್ತದೆ. ಹಳ್ಳಿಯ ಹುಡುಗನಿಗೂ ಪಾಠ ಮನೆಬಾಗಿಲಿಗೆ ಬಂದದ್ದು ದೊಡ್ಡ ಅನುಕೂಲವೇ ಸರಿ. ಆದರೆ ಅಂಕಿ ನೋಡಿ ಕಲಿತವನಿಗೆ ಹಾಡು ಬರುತ್ತದೆ, ಕಿವಿ ಬರುವುದಿಲ್ಲ. ಹಾಡುಗಾರ ವೇದಿಕೆಯ ಮೇಲೆ ಶ್ರುತಿ ಬದಲಿಸಿದರೆ, ಒಂದು ಸಾಲನ್ನು ಎರಡು ಸಲ ಹಾಡಿದರೆ, ಅವನ ಕೈ ತಡವರಿಸುತ್ತದೆ. ತಟ್ಟೆ ಕೇಳಿ ಕಲಿತವರಿಗೂ ಗುರುವಿನ ಎದುರು ಕೂತವರಿಗೂ ಈ ಭಯ ಕಡಿಮೆ.

ಹಾಗಾದರೆ ಕನ್ನಡದ ಹುಡುಗ ಯಾವ ಹಾಡಿನಿಂದ ಆರಂಭಿಸಬೇಕು? ಸಾಗರದಾಚೆ ಹೋಗಬೇಕಿಲ್ಲ. ಶಂಕರ್ ನಾಗ್ ಅವರ 'ಗೀತಾ' 1981ರಲ್ಲಿ ತೆರೆಕಂಡಿತು. ಸಂಗೀತ ಇಳಯರಾಜಾ ಅವರದು. ಅದರ ಹಾಡುಗಳು ಕನ್ನಡಿಗರಿಗೆ ಬಾಯಿಪಾಠ. ಅವನ್ನೇ ಇನ್ನೊಮ್ಮೆ ಹಾಕಿ, ಈ ಸಲ ಹಾಡುವವರನ್ನು ಬಿಟ್ಟು, ಅವರ ಕೆಳಗೆ ನಡೆಯುತ್ತಿರುವ ಬೇಸ್ ಅನ್ನು ಹಿಂಬಾಲಿಸಿದರೆ ಮೊದಲ ಪಾಠ ಆಗಿಹೋಗುತ್ತದೆ. ವಾದ್ಯ ಕೊಳ್ಳುವುದು ಆಮೇಲಾದರೂ ಆದೀತು.