ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಪ್ರತಿಕಾಯಗಳ ಅಡ್ಡಿ

ರೋಗಿಯ ರಕ್ತದಲ್ಲಿರುವ ಕೆಲವು ಪ್ರತಿಕಾಯಗಳು ಅಳೆಯಬೇಕಾದ ಹಾರ್ಮೋನಿಗೋ ಪರೀಕ್ಷೆಯ ರಾಸಾಯನಿಕಗಳಿಗೋ ಅಂಟಿಕೊಂಡು, ಫಲಿತಾಂಶವನ್ನು ಇದ್ದುದಕ್ಕಿಂತ ಹೆಚ್ಚು ಅಥವಾ ಕಡಿಮೆ ತೋರಿಸುವ ದೋಷವಿದು. ವಿರಳವಾದರೂ, ಯಂತ್ರ ಸರಿಯಾಗಿಯೇ ಇರುವುದರಿಂದ ಪ್ರಯೋಗಾಲಯದ ನಿತ್ಯದ ಗುಣಮಟ್ಟ ತಪಾಸಣೆಗೆ ಇದು ಸಿಕ್ಕಿಬೀಳುವುದಿಲ್ಲ.

ಇತಿಹಾಸ: ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ 1950ರ ದಶಕದಲ್ಲಿ ಮಧುಮೇಹಿಗಳನ್ನು ಪರೀಕ್ಷಿಸುವಾಗ, ಇನ್ಸುಲಿನ್ ಚುಚ್ಚುಮದ್ದು ಪಡೆದವರ ರಕ್ತದಲ್ಲಿ ಆ ಇನ್ಸುಲಿನ್ನನ್ನೇ ಹಿಡಿದಿಡುವ ಪ್ರತಿಕಾಯಗಳನ್ನು ಕಂಡರು; ಅವನ್ನೇ ಅಳತೆಯ ಸಾಧನವಾಗಿಸಿ ವಿಕಿರಣಶೀಲ ಗುರುತಿನ ಹಾರ್ಮೋನು ಮಾಪನವನ್ನು ರೂಪಿಸಿದರು. ಬರ್ಸನ್ 1972ರಲ್ಲಿ ತೀರಿಕೊಂಡಿದ್ದರಿಂದ 1977ರ ನೊಬೆಲ್ ಪ್ರಶಸ್ತಿಯಲ್ಲಿ ಇವರಿಬ್ಬರ ಪೈಕಿ ಯಾಲೋ ಅವರ ಹೆಸರು ಮಾತ್ರ ಉಳಿಯಿತು. ಇಂದು ಪರೀಕ್ಷೆಯನ್ನು ಕೆಡಿಸುವ ವಸ್ತುವಿನ ಬಳಗದಿಂದಲೇ ಪರೀಕ್ಷೆ ಹುಟ್ಟಿತೆಂಬುದು ಗಮನಾರ್ಹ.

ಕ್ರಿಯೆ: ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಪ್ರಚೋದಿಸಲು ಸ್ರವಿಸುವ ಟಿಎಸ್‌ಎಚ್ ಅನ್ನು ಅಳೆಯುವಾಗ ಒಂದು ಪ್ರತಿಕಾಯ ಅದನ್ನು ಹಿಡಿಯುತ್ತದೆ, ಇನ್ನೊಂದು ಬೆಳಕಿನ ಸಂಕೇತ ನೀಡುತ್ತದೆ, ಎರಡೂ ಹೆಚ್ಚಾಗಿ ಇಲಿಯ ಮೂಲದವು. ಅನ್ಯಜೀವಿಗಳ ಪ್ರತಿಕಾಯಗಳಿಗೆ ಅಂಟುವ ಹೆಟರೋಫೈಲ್ ಪ್ರತಿಕಾಯ ರೋಗಿಯಲ್ಲಿದ್ದರೆ, ನಡುವೆ ಹಾರ್ಮೋನಿಲ್ಲದೆಯೇ ಇವೆರಡನ್ನೂ ಬೆಸೆದು ಟಿಎಸ್‌ಎಚ್ ಏರಿದಂತೆ ತೋರಿಸಬಲ್ಲದು. ಮ್ಯಾಕ್ರೋ-ಟಿಎಸ್‌ಎಚ್ ಎಂಬುದು ಬೇರೆ: ರೋಗಿಯ ಸ್ವಂತ ಪ್ರತಿಕಾಯಕ್ಕೆ ಅಂಟಿ ದೊಡ್ಡದಾದ ಹಾರ್ಮೋನು ರಕ್ತದಿಂದ ಬೇಗ ತೊಲಗದೆ ಸಂಗ್ರಹವಾಗುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಇಂಥ ಪ್ರತಿಕಾಯ ತಾಯಿಯಿಂದ ಶಿಶುವಿಗೂ ದಾಟಿ, ನವಜಾತ ಶಿಶುವಿನ ತಪಾಸಣೆಯನ್ನು ದಾರಿ ತಪ್ಪಿಸಬಹುದು. ಇದಕ್ಕೆ ವಿರುದ್ಧವಾಗಿ, ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಯ ಬಳಿಕ ಅಳೆಯುವ ಥೈರೊಗ್ಲಾಬ್ಯುಲಿನ್ ಎಂಬ ಥೈರಾಯ್ಡ್ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಈ ವಿಧಾನದಲ್ಲಿ ಅದರ ಅಂಕಿಯನ್ನು ತಗ್ಗಿಸುತ್ತದೆ. ಥೈರಾಯ್ಡ್ ಕ್ಯಾನ್ಸರ್ ಮರುಕಳಿಸಿದ್ದನ್ನು ಅದು ಮರೆಮಾಚಬಲ್ಲದಾದ್ದರಿಂದ ಇವುಗಳಲ್ಲೆಲ್ಲ ಅದೇ ಹೆಚ್ಚು ಅಪಾಯಕಾರಿ ಎನ್ನಬಹುದು. ಕೂದಲಿಗೆಂದು ನುಂಗುವ ಬಯೋಟಿನ್ ಗುಳಿಗೆ ಪ್ರತಿಕಾಯವಲ್ಲದಿದ್ದರೂ ಕೆಲವು ಯಂತ್ರಗಳಲ್ಲಿ ಇಂಥದೇ ಗೊಂದಲವೆಬ್ಬಿಸುತ್ತದೆ.

ಪತ್ತೆ: ಟಿಎಸ್‌ಎಚ್ ಬಹಳ ಏರಿದ್ದು, ಥೈರಾಯ್ಡ್ ಸ್ರವಿಸುವ ಟಿ4 ಹಾರ್ಮೋನು ಸಹಜವಾಗಿದ್ದು, ರೋಗಿಯಲ್ಲಿ ಥೈರಾಯ್ಡ್ ಕೊರತೆಯ ಲಕ್ಷಣಗಳಾದ ದಣಿವು, ಮಲಬದ್ಧತೆ, ಚಳಿ ತಡೆಯಲಾಗದಿರುವಿಕೆ ಯಾವುದೂ ಇಲ್ಲದಿದ್ದರೆ ಸಂಶಯಕ್ಕೆ ಎಡೆಯಿದೆ. ಮಾದರಿಯನ್ನು ಹಂತಹಂತವಾಗಿ ತೆಳುವಾಗಿಸಿದಾಗ ಅಂಕಿ ಅದೇ ಪ್ರಮಾಣದಲ್ಲಿ ಇಳಿಯದಿದ್ದರೆ, ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿ ದೊಡ್ಡ ಕಣಗಳನ್ನು ತಳಕ್ಕಿಳಿಸಿದ ಮೇಲೆ ಟಿಎಸ್‌ಎಚ್ ತೀರ ಕುಸಿದರೆ ಸಂಶಯ ಬಲಗೊಳ್ಳುತ್ತದೆ.

ಪ್ರಾಣಿಗಳ ಸಂಪರ್ಕದಿಂದಲೂ ಹೆಟರೋಫೈಲ್ ಪ್ರತಿಕಾಯ ಹುಟ್ಟಬಹುದಾದ್ದರಿಂದ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಕುರಿ, ಆಡು ಸಾಕಣೆಯ ತಾಲ್ಲೂಕುಗಳಲ್ಲಿ ಪ್ರಾಣಿಗಳ ಒಡನಾಟವನ್ನು ವಿಚಾರಿಸುವುದು ವ್ಯರ್ಥವಲ್ಲ. ಆದರೆ ಆ ಪ್ರತಿಕಾಯದ ಮೂಲ ಬಹಳಷ್ಟು ಸಲ ತಿಳಿಯುವುದೇ ಇಲ್ಲವಾದ್ದರಿಂದ ಅದೊಂದನ್ನೇ ನೆಚ್ಚಲಾಗದು. ಇಂಡಿಯಲ್ಲಿ ತೆಗೆದ ರಕ್ತವನ್ನು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಕಳಿಸಿ ಮತ್ತೆ ಪರೀಕ್ಷಿಸಿದರೂ, ಅಲ್ಲಿಯೂ ಅದೇ ಕಂಪನಿಯ ಯಂತ್ರ ಮತ್ತು ರಾಸಾಯನಿಕಗಳಿದ್ದರೆ ಅದೇ ತಪ್ಪು ಮರುಕಳಿಸುವ ಸಂಭವ ಹೆಚ್ಚು. ವರದಿಯಲ್ಲಿ ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ವಿಧಾನದ ಹೆಸರನ್ನು ಓದಿ ಬೇರೆ ವಿಧಾನವನ್ನು ಆರಿಸಬೇಕಾಗುತ್ತದೆ.